ಜೋಳದ ಸೀಮೆಯಲ್ಲಿ ಒಂದು ಪಥ್ಯ

ನನ್ನ ತಂಗಿಯ ಮಗನಿಗೆ ಆಟಿಸಂ ಇದೆಯೆಂದು ತಿಳಿದಾಗ ಅವನಿಗೆ ನಾಲ್ಕು ವರ್ಷ. ಹುನಗುಂದದ ನಮ್ಮ ಮನೆಯಲ್ಲಿ ಅವನು ಮುಟ್ಟುತ್ತಿದ್ದುದು ಹಾಲು, ಚಪಾತಿ ಮತ್ತು ಒಂದೇ ಬಗೆಯ ಬಿಸ್ಕತ್ತು. ಗೋಧಿ, ಹಾಲು ಎರಡನ್ನೂ ಬಿಡಿಸಿದರೆ ಮಾತು ಬರುತ್ತದೆಂದು ಬಂಧುವೊಬ್ಬರು ಭರವಸೆ ಕೊಟ್ಟರು. ತಂಗಿ ಬಿಡಿಸಿದಳು. ಮಾತು ಬರಲಿಲ್ಲ; ಆರು ವಾರಗಳಲ್ಲಿ ಹುಡುಗನ ಪಕ್ಕೆಲುಬು ಎಣಿಸುವಂತಾಯಿತು.

ಗೋಧಿಯ ಗ್ಲುಟನ್, ಹಾಲಿನ ಕೇಸೀನ್ ಪೂರ್ತಿ ಜೀರ್ಣವಾಗದೆ ಅವುಗಳ ತುಣುಕುಗಳು ಕರುಳಿನಿಂದ ರಕ್ತಕ್ಕೆ ಸೋರಿ, ಮಿದುಳಿನ ಮೇಲೆ ಅಫೀಮಿನಂತೆ ವರ್ತಿಸುತ್ತವೆ ಎಂಬುದು ಈ ಪಥ್ಯದ ಹಿಂದಿನ ವಾದ. ಕೇಳಲು ತರ್ಕಬದ್ಧವೇ. ಆದರೆ 2008ರ ಕಾಕ್ರೇನ್ ವಿಮರ್ಶೆಗೆ ದೊರೆತದ್ದು ಎರಡೇ ಸಣ್ಣ ಪ್ರಯೋಗಗಳು. ಅಮೆರಿಕದ ರೋಚೆಸ್ಟರಿನಲ್ಲಿ 14 ಮಕ್ಕಳಿಗೆ ಈ ಪಥ್ಯ ಮಾಡಿಸಿ, ನಡುನಡುವೆ ಮನೆಯವರಿಗೂ ಗೊತ್ತಾಗದಂತೆ ಗೋಧಿ, ಹಾಲು ಬೆರೆಸಿದ ತಿನಿಸು ಕೊಟ್ಟು ನೋಡಿದರು. ವರ್ತನೆ, ನಿದ್ದೆ, ಮಲವಿಸರ್ಜನೆ ಯಾವುದರಲ್ಲಿಯೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲವೆಂದು 2016ರಲ್ಲಿ ವರದಿ ಮಾಡಿದರು.

ನಮ್ಮ ಅವಿವೇಕವನ್ನೂ ಹೇಳಿಬಿಡುತ್ತೇನೆ. ಗ್ಲುಟನ್ ಇಲ್ಲದ ಹಿಟ್ಟನ್ನು ದುಬಾರಿ ಬೆಲೆಗೆ ಬೆಂಗಳೂರಿನಿಂದ ತರಿಸಿದೆವು. ಮನೆಯಲ್ಲಿ ಬಿಳಿಜೋಳದ ಚೀಲ ಇತ್ತು. ಜೋಳದಲ್ಲಿ ಗ್ಲುಟನ್ ಇರುವುದೇ ಇಲ್ಲ! ಆದರೂ ಹುಡುಗ ರೊಟ್ಟಿ ತಿನ್ನಲೊಲ್ಲ. ಕಟಕ ರೊಟ್ಟಿ ಮುರಿಯುವ ಸದ್ದಿಗೇ ಕಿವಿ ಮುಚ್ಚಿಕೊಳ್ಳುತ್ತಿದ್ದ. ನಾವದನ್ನು ಹಟವೆಂದು ತಿಳಿದೆವು. ಇಂಥ ಮಕ್ಕಳಲ್ಲಿ ಅನೇಕರಿಗೆ ಆಹಾರದ ಸದ್ದು, ವಾಸನೆ, ನಾಲಿಗೆಗೆ ತಾಗುವ ಬಗೆಯೇ ಸಹಿಸಲಾಗದು. ಊಟದ ತೊಂದರೆ ಅವರಲ್ಲಿ ಇತರ ಮಕ್ಕಳಿಗಿಂತ ಐದು ಪಟ್ಟು ಹೆಚ್ಚೆಂದೂ, ಕ್ಯಾಲ್ಸಿಯಂ, ಪ್ರೋಟೀನ್ ಕಡಿಮೆ ಬೀಳುತ್ತವೆಂದೂ 2013ರ ಒಂದು ವಿಶ್ಲೇಷಣೆ ತೋರಿಸಿತು. ಮೂರೇ ತಿನಿಸು ತಿನ್ನುವ ಮಗುವಿನಿಂದ ಮೂರನ್ನೂ ಕಿತ್ತುಕೊಂಡಿದ್ದೆವು.

ಹಾಗೆಂದು ಆಹಾರಕ್ಕೂ ಇವರ ವರ್ತನೆಗೂ ಸಂಬಂಧವೇ ಇಲ್ಲವೆಂದು ನಾನು ಹೇಳಲಾರೆ. ಮಧ್ಯರಾತ್ರಿ ಎದ್ದು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ ಹುಡುಗನ ಹೊಟ್ಟೆಯನ್ನು ಮುಟ್ಟಿ ನೋಡಿದ ಮಕ್ಕಳ ತಜ್ಞರೊಬ್ಬರು, ತಿಂಗಳುಗಳಿಂದ ಮಲಬದ್ಧತೆ ಇದೆ ಎಂದರು. ನೋವನ್ನು ಹೇಳಲು ಅವನಿಗೆ ಮಾತಿಲ್ಲ. ಔಷಧಿ, ನೀರು, ಕ್ರಮೇಣ ನಾರಿನಂಶದಿಂದ ಅದು ಸರಿಹೋದಂತೆ ನಿದ್ದೆ ಬಂತು, ಚಚ್ಚಿಕೊಳ್ಳುವುದು ಕಡಿಮೆಯಾಯಿತು. ಆಟಿಸಂ ಹೋಗಲಿಲ್ಲ, ಹೊಟ್ಟೆನೋವು ಹೋಯಿತು.

ಹಾಲು, ಚಪಾತಿ ಮರಳಿ ಬಂದವು. ವಾಕ್ ತರಬೇತಿಗಾಗಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯವರೆಗೂ ಹೋಗಿ ಬಂದೆವು. ಪಥ್ಯಕ್ಕೆ ಕಳೆದ ದಿನಗಳನ್ನು ಇದಕ್ಕೇ ಕೊಡಬೇಕಿತ್ತೆಂದು ತಂಗಿ ಈಗಲೂ ಕೊರಗುತ್ತಾಳೆ. ಹಾಲಿನಲ್ಲಿ ನೆನೆಸಿದ ಬಿಸಿರೊಟ್ಟಿಯ ಚೂರೊಂದನ್ನು ಅವನು ಬಾಯಲ್ಲಿ ಇಟ್ಟುಕೊಳ್ಳಲು ಐದು ತಿಂಗಳು ಹಿಡಿಯಿತು. ಈಗ ಅರ್ಧ ರೊಟ್ಟಿ ತಿನ್ನುತ್ತಾನೆ. ಕಟಕ ರೊಟ್ಟಿಯನ್ನು ನಾವು ಪಕ್ಕದ ಕೋಣೆಯಲ್ಲಿ ಮುರಿದುಕೊಳ್ಳುತ್ತೇವೆ.