ಗ್ರಾಹಕ ವಿಶ್ವಾಸ ಸಮೀಕ್ಷೆ

ಗ್ರಾಹಕ ವಿಶ್ವಾಸ ಸಮೀಕ್ಷೆಯು ಕುಟುಂಬಗಳು ತಮ್ಮ ಆದಾಯ, ಉದ್ಯೋಗ, ಬೆಲೆಗಳು ಹಾಗೂ ದೇಶದ ಆರ್ಥಿಕ ಪರಿಸ್ಥಿತಿಯನ್ನು ಹೇಗೆ ಕಾಣುತ್ತಿವೆ ಎಂಬುದನ್ನು ಪ್ರಶ್ನೆಗಳ ಮೂಲಕ ತಿಳಿಯುವ ಒಂದು ಬಗೆಯ ಜನಾಭಿಪ್ರಾಯ ಸಂಗ್ರಹವಾಗಿದೆ. ಜನರು ಎಷ್ಟು ಖರ್ಚು ಮಾಡಿದರು ಎಂಬುದನ್ನು ಮಾರಾಟದ ಲೆಕ್ಕಗಳು ತಿಳಿಸುತ್ತವೆ. ಮುಂದೆ ಖರ್ಚು ಮಾಡುವ ಮನಸ್ಸು ಅವರಿಗಿದೆಯೇ ಎಂಬುದನ್ನು ಅವರನ್ನೇ ಕೇಳಬೇಕಾಗುತ್ತದೆ. ಬಡ್ಡಿದರ ನಿರ್ಧರಿಸುವಾಗ ಕೇಂದ್ರೀಯ ಬ್ಯಾಂಕುಗಳು ಇಂತಹ ಸಮೀಕ್ಷೆಗಳನ್ನೂ ಪರಿಶೀಲಿಸುತ್ತವೆ. ಆದ್ದರಿಂದ ಇವುಗಳನ್ನು ತಪ್ಪಾಗಿ ಅರ್ಥೈಸಿದರೆ ಅದರ ಪರಿಣಾಮ ಸಾಲದ ಕಂತು ಕಟ್ಟುವ ಕುಟುಂಬಗಳವರೆಗೂ ತಲುಪಬಹುದು.

ಹಿನ್ನೆಲೆ

ಈ ಪದ್ಧತಿಯ ಪ್ರವರ್ತಕ ಹಂಗೇರಿ ಮೂಲದ ಮನೋವಿಜ್ಞಾನಿ ಜಾರ್ಜ್ ಕಟೋನಾ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ 1940ರ ದಶಕದಲ್ಲಿ ಅವರು ಇದನ್ನು ರೂಪಿಸಿದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ದೇಶವು ಮತ್ತೆ ಆರ್ಥಿಕ ಕುಸಿತಕ್ಕೆ ಸಿಲುಕುವುದೆಂದು ಅನೇಕ ಅರ್ಥಶಾಸ್ತ್ರಜ್ಞರು ಆತಂಕಪಟ್ಟಿದ್ದರು. ಕುಟುಂಬಗಳ ಉತ್ತರಗಳನ್ನು ಆಧರಿಸಿ ಕಟೋನಾ ಇದಕ್ಕೆ ವಿರುದ್ಧವಾದ ನಿರೀಕ್ಷೆಯನ್ನು ಮುಂದಿಟ್ಟರು, ಆದದ್ದೂ ಹಾಗೆಯೇ. ಖರೀದಿಗೆ ಹಣವಿದ್ದರೆ ಸಾಲದು, ಮನಸ್ಸೂ ಇರಬೇಕು ಎಂಬುದು ಅವರ ವಾದದ ತಿರುಳು.

ಭಾರತದಲ್ಲಿ

ಭಾರತೀಯ ರಿಸರ್ವ್ ಬ್ಯಾಂಕ್ ಬೆಂಗಳೂರೂ ಸೇರಿದಂತೆ ಪ್ರಮುಖ ನಗರಗಳಲ್ಲಿ ಈ ಸಮೀಕ್ಷೆಯನ್ನು ನಡೆಸುತ್ತದೆ. ಆರ್ಥಿಕ ಪರಿಸ್ಥಿತಿ, ಉದ್ಯೋಗ, ಬೆಲೆ, ಆದಾಯ ಮತ್ತು ಖರ್ಚು ಒಂದು ವರ್ಷದ ಹಿಂದಿಗಿಂತ ಹೇಗಿವೆ, ಒಂದು ವರ್ಷದ ನಂತರ ಹೇಗಿರಬಹುದು ಎಂದು ಕೇಳಲಾಗುತ್ತದೆ. ಲೆಕ್ಕ ಸರಳವಾದುದು. ಒಂದು ಪ್ರಶ್ನೆಗೆ ನೂರು ಮಂದಿಯಲ್ಲಿ 40 ಜನ ‘ಸುಧಾರಿಸಿದೆ’ ಎಂದೂ 30 ಜನ ‘ಹದಗೆಟ್ಟಿದೆ’ ಎಂದೂ ಉಳಿದವರು ‘ಹಾಗೆಯೇ ಇದೆ’ ಎಂದೂ ಹೇಳಿದರೆ ನಿವ್ವಳ ಉತ್ತರ 10. ಐದೂ ವಿಷಯಗಳ ನಿವ್ವಳ ಉತ್ತರಗಳ ಸರಾಸರಿಗೆ 100 ಕೂಡಿಸಿದರೆ ಸೂಚ್ಯಂಕ ದೊರೆಯುತ್ತದೆ. 100ಕ್ಕಿಂತ ಮೇಲಿದ್ದರೆ ಆಶಾವಾದ, ಕೆಳಗಿದ್ದರೆ ನಿರಾಶೆ. ಕೋವಿಡ್ ಎರಡನೆಯ ಅಲೆಯ ನಡುವೆ, 2021ರ ಮೇ ತಿಂಗಳಲ್ಲಿ, ಪ್ರಸಕ್ತ ಸ್ಥಿತಿಯ ಸೂಚ್ಯಂಕವು 48.5ಕ್ಕೆ ಇಳಿದು ಅದುವರೆಗಿನ ಕನಿಷ್ಠ ಮಟ್ಟವನ್ನು ಮುಟ್ಟಿತು.

ಭವಿಷ್ಯದ ಸೂಚ್ಯಂಕವು ಪ್ರಸಕ್ತ ಸ್ಥಿತಿಯ ಸೂಚ್ಯಂಕಕ್ಕಿಂತ ಮೇಲೆಯೇ ಇರುವುದು ಈ ಸಮೀಕ್ಷೆಯಲ್ಲಿ ಸಾಮಾನ್ಯವಾಗಿ ಕಂಡುಬರುವ ಸಂಗತಿ. ಇಂದು ಕಷ್ಟವೆನ್ನುವವರೂ ನಾಳೆ ಸರಿಹೋದೀತು ಎನ್ನುತ್ತಾರೆ. ಹೀಗಾಗಿ ‘ಜನರು ಆಶಾವಾದಿಗಳಾಗಿದ್ದಾರೆ’ ಎಂಬ ಪತ್ರಿಕಾ ಶೀರ್ಷಿಕೆಯನ್ನು ಕಂಡಾಗ ಅದು ಯಾವ ಸೂಚ್ಯಂಕದ ಮಾತು ಎಂದು ನೋಡಬೇಕು. ಈ ನಗರ ಸಮೀಕ್ಷೆಯಲ್ಲಿ ಹಳ್ಳಿಗಳ ಅಭಿಪ್ರಾಯ ಸೇರಿಲ್ಲವೆಂಬುದನ್ನೂ ಮರೆಯುವಂತಿಲ್ಲ.

ಮಾತು ಮತ್ತು ವರ್ತನೆ

ಜನರ ಉತ್ತರವೂ ಅವರ ಖರ್ಚೂ ಸದಾ ಒಂದೇ ದಿಕ್ಕಿನಲ್ಲಿ ಸಾಗುವುದಿಲ್ಲ. 2022ರ ಜೂನ್‌ನಲ್ಲಿ ಮಿಷಿಗನ್ ಸೂಚ್ಯಂಕವು 50ಕ್ಕೆ ಕುಸಿದು ಅಲ್ಲಿಯವರೆಗಿನ ಕನಿಷ್ಠ ದಾಖಲೆ ಮಾಡಿತು. ಆಗ ಅಮೆರಿಕದಲ್ಲಿ ನಿರುದ್ಯೋಗ ಶೇ. 4ಕ್ಕಿಂತ ಕಡಿಮೆಯಿತ್ತು, ಅಂಗಡಿಗಳ ವ್ಯಾಪಾರವೂ ನಿಂತಿರಲಿಲ್ಲ. ಆದರೆ ಹಣದುಬ್ಬರ ಶೇ. 9ನ್ನು ದಾಟಿತ್ತು. ಆ ಉತ್ತರಗಳು ಮುಖ್ಯವಾಗಿ ತಿಳಿಸಿದ್ದು ಬೆಲೆಗಳ ಮೇಲಿನ ಅಸಮಾಧಾನವನ್ನು.

ರಾಜಕೀಯ ನಿಷ್ಠೆಯೂ ಉತ್ತರಗಳಲ್ಲಿ ಬೆರೆಯುತ್ತದೆ. ಅಮೆರಿಕದಲ್ಲಿ 2016ರ ಅಧ್ಯಕ್ಷೀಯ ಚುನಾವಣೆಯ ನಂತರ ರಿಪಬ್ಲಿಕನ್ ಬೆಂಬಲಿಗರ ವಿಶ್ವಾಸ ಏರಿತು, ಡೆಮಾಕ್ರಟಿಕ್ ಬೆಂಬಲಿಗರದು ಇಳಿಯಿತು. ಇಬ್ಬರೂ ನೋಡುತ್ತಿದ್ದುದು ಒಂದೇ ಅರ್ಥವ್ಯವಸ್ಥೆಯನ್ನು.

ಹಾಗೆಂದು ಅಂಕಿಅಂಶಗಳೊಡನೆ ಹೊಂದದ ಅಭಿಪ್ರಾಯವನ್ನೆಲ್ಲ ಅಜ್ಞಾನವೆಂದು ತಳ್ಳಿಹಾಕುವುದೂ ಸರಿಯಲ್ಲ. ಹಣದುಬ್ಬರದ ಬಗ್ಗೆ ರಿಸರ್ವ್ ಬ್ಯಾಂಕ್ ನಡೆಸುವ ಪ್ರತ್ಯೇಕ ಸಮೀಕ್ಷೆಯಲ್ಲಿ ಕುಟುಂಬಗಳು ಹೇಳುವ ಬೆಲೆಯೇರಿಕೆಯ ದರವು ಅಧಿಕೃತ ದರಕ್ಕಿಂತ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಗೃಹಸ್ಥರ ನೆನಪಿನಲ್ಲಿ ಉಳಿಯುವುದು ಹಾಲು, ತರಕಾರಿ, ಬೇಳೆಗಳಂತೆ ಪದೇಪದೇ ಕೊಳ್ಳುವ ವಸ್ತುಗಳ ಬೆಲೆ. ಅಧಿಕೃತ ಸೂಚ್ಯಂಕವು ಅಪರೂಪಕ್ಕೆ ಕೊಳ್ಳುವ ವಸ್ತುಗಳನ್ನೂ ಸೇವೆಗಳನ್ನೂ ತೂಗುತ್ತದೆ. ಅಲ್ಲದೆ ಹಣದುಬ್ಬರ ಇಳಿಯಿತೆಂದರೆ ಬೆಲೆ ಏರುವ ವೇಗ ತಗ್ಗಿತೆಂದಷ್ಟೇ ಅರ್ಥ. ಏರಿದ ಬೆಲೆ ಅಲ್ಲಿಯೇ ಇರುತ್ತದೆ, ಕೊಳ್ಳುವವರು ಅದನ್ನು ಹಳೆಯ ಬೆಲೆಯೊಡನೆಯೇ ಹೋಲಿಸುತ್ತಾರೆ.