ದಿನಗೆಲಸದಲ್ಲಿ ವಾಡಿಕೆ ಬಿಟ್ಟ ಹಾದಿಗಳು

ಕೆಲಸವು ಚೆನ್ನಾಗಿ ಸಾಗಬೇಕಾದರೆ ಬೇಗನೆ ಏಳಬೇಕು, ಹೆಚ್ಚು ಹೊತ್ತು ದುಡಿಯಬೇಕು, ಕೈ ಚುರುಕಾಗಿ ಆಡಬೇಕು ಎಂಬುದು ಲೋಕರೂಢಿಯ ಮಾತು. ಮನೆಯಲ್ಲಿಯೂ ಶಾಲೆಯಲ್ಲಿಯೂ ನಾವು ಮಕ್ಕಳಿಗೆ ಕಲಿಸುವುದು ಬಹುಮಟ್ಟಿಗೆ ಇದನ್ನೇ. ಈ ಮಾತು ಸುಳ್ಳಲ್ಲ. ಆದರೆ ಇದರಲ್ಲಿ ಅರ್ಧವನ್ನು ಮಾತ್ರ ಹೇಳಿದಂತಾಯಿತು. ಗಾಣದ ಎತ್ತು ಮುಂಜಾವಿನಿಂದ ಸಂಜೆಯ ವರೆಗೆ ನಡೆದರೂ ಯಾವ ಊರನ್ನೂ ಮುಟ್ಟುವುದಿಲ್ಲವಷ್ಟೆ. ದುಡಿದ ಹೊತ್ತು ಎಷ್ಟೆಂಬುದರಂತೆಯೇ ದುಡಿದ ರೀತಿ ಎಂಥದೆಂಬುದೂ ಫಲವನ್ನು ನಿಶ್ಚಯಿಸುವುದು. ಆ ರೀತಿಯು ಒಮ್ಮೊಮ್ಮೆ ನೋಡುವವರಿಗೆ ವಿಚಿತ್ರವಾಗಿ, ಸೋಮಾರಿತನದಂತೆ ಕೂಡ ತೋರಬಹುದು. ಅಂಥ ಕೆಲವು ರೀತಿಗಳನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪಾಲಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶವು.

ಮೊದಲನೆಯ ದೃಷ್ಟಾಂತಕ್ಕಾಗಿ ದೂರ ಹೋಗಬೇಕಾದುದಿಲ್ಲ. ನಮ್ಮ ಅಂಕಲಿಯ ನೆರೆಯ ಅಥಣಿ, ನಿಪ್ಪಾಣಿಗಳ ಕಡೆಯಲ್ಲಿ ಚಪ್ಪಲಿ ಮಾಡುವ ಮನೆತನಗಳು ತಲೆಮಾರುಗಳಿಂದ ನೆಲಸಿವೆ. ಕೊಲ್ಹಾಪುರಿ ಎಂದು ಹೆಸರಾದ ಈ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತಾಗ ಮಹಾರಾಷ್ಟ್ರದ 4 ಜಿಲ್ಲೆಗಳೊಡನೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಎಂಬ 4 ಜಿಲ್ಲೆಗಳಿಗೂ ಆ ಹಕ್ಕು ಬಂದಿತು. ಇದರ ತೊಗಲನ್ನು ಹದಮಾಡುವುದಕ್ಕೆ ಜಾಲಿಯ ತೊಗಟೆ, ಅಳಲೆಕಾಯಿಗಳ ಒಗರುನೀರು ಬೇಕು. ತೊಗಲನ್ನು ಆ ನೀರು ತುಂಬಿದ ಗುಂಡಿಯಲ್ಲಿಯೋ ಬಾನಿಯಲ್ಲಿಯೋ ಬಹುದಿನ ನೆನೆಯಿಡುವುದು ಎಲ್ಲರಿಗೂ ಹೊಳೆಯುವ ದಾರಿ. ಹಳೆಯ ಕಸಬುದಾರರು ಇನ್ನೊಂದು ದಾರಿಯನ್ನು ಕಂಡುಕೊಂಡರು. ಅರ್ಧ ಹದವಾದ ತೊಗಲನ್ನೇ ಚೀಲದಂತೆ ಹೊಲಿದು, ಮೇಲಕ್ಕೆ ತೂಗುಹಾಕಿ, ಅದರೊಳಗೇ ತೊಗಟೆಯನ್ನೂ ಒಗರುನೀರನ್ನೂ ತುಂಬಿದರು. ನೀರು ತನ್ನ ಭಾರದಿಂದಲೇ ತೊಗಲಿನ ಒಳಗಿನಿಂದ ಹೊರಕ್ಕೆ ಜಿನುಗುವುದು. ಕೆಳಗೆ ಕೂಡಿದುದನ್ನು ಮತ್ತೆ ಮೇಲಿನಿಂದ ಹೊಯ್ಯುವರು. ಕೆಲವು ಕಾಲದ ಮೇಲೆ ಚೀಲವನ್ನು ತಲೆಕೆಳಗು ಮಾಡಿ ಉಳಿದ ಭಾಗವನ್ನೂ ಹದಕ್ಕೆ ತರುವರು. ಹದವಾಗಬೇಕಾದ ವಸ್ತುವೇ ಪಾತ್ರೆಯಾಯಿತು. ನೀರಿನ ಭಾರವೇ ಆಳಿನ ಕೆಲಸ ಮಾಡಿತು. ಬರಿಯ ನೆನೆಯುವಿಕೆಗಿಂತ ಇದರಿಂದ ಒಗರು ಬೇಗನೆ ಒಳಹೊಗುವುದು. ಮುಂದೆ ಚಪ್ಪಲಿ ಕಟ್ಟುವಾಗಲೂ ಮೊಳೆಯ ಹಂಗಿಲ್ಲದೆ, ತೊಗಲಿನ ದಾರದಿಂದಲೇ ತೊಗಲನ್ನು ಹೊಲಿಯುವರು. ಹೆಣೆಯುವ, ಹೊಲಿಯುವ ನಾಜೂಕಿನ ಕೆಲಸ ಹೆಚ್ಚಾಗಿ ಹೆಂಗಸರ ಕೈಯದು.

ಈ ಕಸಬಿನವರನ್ನು ಸಮಾಜವು ಬಹುಕಾಲ ಕೀಳೆಂದೆಣಿಸಿ ದೂರವಿಟ್ಟಿತೆಂಬುದನ್ನು ನಾವು ಮರೆಯಬಾರದು. ಬುದ್ಧಿಯು ಪುಸ್ತಕ ಹಿಡಿದ ಕೈಯಲ್ಲಿ ಮಾತ್ರ ಇರುವುದೆಂದು ತಿಳಿದವರು ಈ ತೊಗಲಿನ ಚೀಲವನ್ನು ಒಮ್ಮೆ ನೆನೆಯಲಿ. ಕೆಲಸದ ನಡುವೆ ಇದ್ದವರೇ ಕೆಲಸದ ಸುಲಭೋಪಾಯವನ್ನು ಕಾಣಬಲ್ಲರು. “ಇದಕ್ಕೆ ಇನ್ನೇನು ಸಾಮಾನು ಬೇಕು?” ಎಂದು ಎಲ್ಲರೂ ಕೇಳುವಲ್ಲಿ “ಇದರಲ್ಲಿ ಯಾವುದು ಇಲ್ಲದಿದ್ದರೂ ನಡೆದೀತು?” ಎಂದು ಕೇಳುವುದೇ ಅವರಿಂದ ಕಲಿಯತಕ್ಕ ಮೊದಲನೆಯ ಪಾಠವು.

ಇದೇ ಪ್ರಶ್ನೆಯನ್ನು ಅಮೇರಿಕಾದಲ್ಲಿ ಗಿಲ್‌ಬ್ರೆತ್ ದಂಪತಿಗಳು ಶಾಸ್ತ್ರವಾಗಿ ಬೆಳೆಸಿದರು. ಫ್ರಾಂಕ್ ಗಿಲ್‌ಬ್ರೆತ್‌ರು ಗೋಡೆ ಕಟ್ಟುವವರ ಕೈಚಲನೆಗಳನ್ನು ಒಂದೊಂದಾಗಿ ಎಣಿಸಿದರು. ಒಂದು ಇಟ್ಟಿಗೆಯನ್ನಿಡುವುದಕ್ಕೆ 18 ಚಲನೆಗಳಾಗುತ್ತಿದ್ದವು. ಪ್ರತಿ ಇಟ್ಟಿಗೆಗೂ ಕೆಲಸಗಾರನು ಕಾಲಬಳಿಗೆ ಬಗ್ಗಿ ಏಳುತ್ತಿದ್ದನು. ತನ್ನ ಮೈಭಾರವನ್ನೆಲ್ಲ ಇಟ್ಟಿಗೆಯೊಡನೆ ಎತ್ತುತ್ತಿದ್ದನು. ಗೋಡೆ ಎದ್ದಂತೆಲ್ಲ ಏರಿಸಬಹುದಾದ ಅಟ್ಟಣೆಯನ್ನು ಮಾಡಿ, ಇಟ್ಟಿಗೆಯೂ ಗಾರೆಯೂ ಸೊಂಟದ ಮಟ್ಟದಲ್ಲಿ ಕೈಗೆಟಕುವಂತೆ ಇರಿಸಿದಾಗ ಚಲನೆಗಳು ಸುಮಾರು 5ಕ್ಕೆ ಇಳಿದವು. ಗಂಟೆಗೆ 120 ಇಟ್ಟಿಗೆ ಇಡುತ್ತಿದ್ದವರು 350ರ ವರೆಗೆ ಇಟ್ಟರೆಂದು ಫ್ರೆಡರಿಕ್ ಟೇಲರ್‌ರು 1911ರ ತಮ್ಮ ಗ್ರಂಥದಲ್ಲಿ ಬರೆದಿದ್ದಾರೆ. 1924ರಲ್ಲಿ ಪತಿಯು ತೀರಿಕೊಂಡ ಮೇಲೆ ಲಿಲಿಯನ್ ಗಿಲ್‌ಬ್ರೆತ್‌ರು ದೊಡ್ಡ ಸಂಸಾರದ ಹೊರೆಯನ್ನು ಹೊತ್ತುಕೊಂಡೇ ಈ ವಿದ್ಯೆಯನ್ನು ಅಡಿಗೆಮನೆಗೆ ತಂದರು. 1935ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಒಲೆ, ನೀರು, ಸಾಮಾನು ಇವು ಎಲ್ಲಿರಬೇಕು, ಕಟ್ಟೆಯ ಎತ್ತರ ಎಷ್ಟಿರಬೇಕು ಎಂಬುದನ್ನು ಅಡಿಗೆ ಮಾಡುವವಳ ಮೈಯಳತೆಯಿಂದ ಗೊತ್ತುಮಾಡಬೇಕೆಂಬುದು ಅವರ ಬೋಧೆಯ ಸಾರವು.

ನಮ್ಮ ಮನೆಗಳಲ್ಲಿ ಇದರ ಪರೀಕ್ಷೆಗೆ ಕಾಸು ಖರ್ಚಿಲ್ಲ. ಜೋಳದ ರೊಟ್ಟಿ ಬಡಿಯುವಾಗ ಒಂದು ದಿನ ಮಗಳನ್ನು ಪಕ್ಕದಲ್ಲಿ ಕುಳ್ಳಿರಿಸಿ, ತಾಯಿಯು ಎಷ್ಟು ಸಲ ಎದ್ದಳು, ಎಷ್ಟು ಸಲ ಹಿಟ್ಟಿಗೂ ನೀರಿಗೂ ಕೈಚಾಚಿ ಹೊರಳಿದಳು ಎಂದು ಗೀಟು ಹಾಕಿ ಎಣಿಸಲು ಹೇಳಿರಿ. ಮರುದಿನ ಹಿಟ್ಟಿನ ಡಬ್ಬಿಯನ್ನೋ ನೀರಿನ ಪಾತ್ರೆಯನ್ನೋ ಬೇರೆ ಕಡೆಯಲ್ಲಿಟ್ಟು ಮತ್ತೆ ಎಣಿಸಿರಿ. ಲೆಕ್ಕವು ಕಡಿಮೆಯಾದುದನ್ನು ಕಂಡ ಹುಡುಗಿಗೆ ಗಣಿತವೂ ಗೃಹಕೃತ್ಯವೂ ಒಂದೇ ವಿದ್ಯೆಯ ಎರಡು ಕೈಗಳೆಂಬುದು ಮನದಟ್ಟಾಗುವುದು.

ಎರಡನೆಯ ವಿಚಿತ್ರವಾದ ಉಪಾಯವು ಇದಕ್ಕಿಂತ ಹೆಚ್ಚು ಆಶ್ಚರ್ಯವನ್ನುಂಟುಮಾಡುವುದು. ಹಿಡಿದ ಕೆಲಸವನ್ನು ಮುಗಿಸಿಯೇ ಏಳಬೇಕೆಂದು ನಾವು ಹೇಳುತ್ತೇವೆ. ಆದರೆ ಬರ್ಲಿನ್ನಿನಲ್ಲಿ ಮನಶ್ಶಾಸ್ತ್ರವನ್ನು ಅಭ್ಯಾಸಮಾಡಿದ ಇಬ್ಬರು ಮಹಿಳೆಯರು, 1927ರಲ್ಲಿ ಬ್ಲೂಮಾ ಝೈಗಾರ್ನಿಕ್ ಎಂಬವರೂ 1928ರಲ್ಲಿ ಮರಿಯಾ ಒವ್ಸಿಯಾಂಕಿನಾ ಎಂಬವರೂ, ನಡುವೆ ನಿಲ್ಲಿಸಿದ ಕೆಲಸವು ಮನಸ್ಸಿನಲ್ಲಿ ಏನು ಮಾಡುವುದೆಂದು ಪರೀಕ್ಷಿಸಿದರು. ಅರ್ಧಕ್ಕೆ ಬಿಟ್ಟ ಕೆಲಸವೇ ಹೆಚ್ಚು ನೆನಪಿನಲ್ಲಿ ಉಳಿಯುವುದೆಂದು ಮೊದಲನೆಯವರು ಹೇಳಿದರು. ಈ ನೆನಪಿನ ವಿಷಯವು ಆಮೇಲಿನ ಎಲ್ಲ ಪರೀಕ್ಷೆಗಳಲ್ಲಿಯೂ ನಿಲ್ಲಲಿಲ್ಲ. ಅರ್ಧಕ್ಕೆ ನಿಂತ ಕೆಲಸವನ್ನು ಯಾರೂ ಹೇಳದಿದ್ದರೂ ಜನರು ತಾವಾಗಿ ಮತ್ತೆ ಕೈಗೆತ್ತಿಕೊಳ್ಳುವರೆಂದು ಎರಡನೆಯವರು ಕಂಡುದು ಹೆಚ್ಚು ಭದ್ರವಾಗಿ ನಿಂತಿದೆ. ಇದರಿಂದ ನಮಗೆ ಒಂದು ಪ್ರಯೋಜನವುಂಟು. ಕಸೂತಿಯನ್ನಾಗಲಿ, ಪಾಠ ಬರೆಯುವುದನ್ನಾಗಲಿ, ಮುಂದಿನ ಹೊಲಿಗೆ ಅಥವಾ ಮುಂದಿನ ಸಾಲು ಯಾವುದೆಂದು ಸ್ಪಷ್ಟವಾಗಿ ತಿಳಿದಿರುವ ಜಾಗದಲ್ಲಿ ನಿಲ್ಲಿಸಿರಿ. ದಾರಿ ಕಾಣದಲ್ಲಿ ನಿಲ್ಲಿಸಿದರೆ ಮರುದಿನ ಕೈಯಿಡುವುದಕ್ಕೆ ಬೇಸರ. ದಾರಿ ಕಾಣುವಲ್ಲಿ ನಿಲ್ಲಿಸಿದರೆ ಕೂತ ಕೂಡಲೆ ಸೂಜಿ ಓಡುವುದು. ಅಡಿಗೆಮನೆಯ ಉರಿಯುವ ಒಲೆಗೆ ಈ ನಿಯಮವು ಸಲ್ಲದೆಂಬುದನ್ನು ನಾನು ಹೇಳಬೇಕಾಗಿಲ್ಲ!

ಮೂರನೆಯದು, ಒಬ್ಬರ ಕೆಲಸವನ್ನು ಹಲವರು ಕೂಡಿ ಮಾಡುವುದು. ಬೇಸಗೆಯಲ್ಲಿ ನಮ್ಮ ಓಣಿಗಳಲ್ಲಿ ಶಾವಿಗೆ, ಹಪ್ಪಳ, ಸಂಡಿಗೆಗಳಿಗೆ ನೆರೆಹೊರೆಯ ಹೆಂಗಸರು ಇಂದು ಒಬ್ಬರ ಮನೆಯಲ್ಲಿ, ನಾಳೆ ಇನ್ನೊಬ್ಬರ ಮನೆಯಲ್ಲಿ ಸೇರುವ ವಾಡಿಕೆಯನ್ನು ಎಲ್ಲರೂ ಬಲ್ಲರು. ಹೊಲದಲ್ಲಿ ಇದಕ್ಕೆ ಮುಯ್ಯಿ ಎಂದು ಹೆಸರು. ಲೆಕ್ಕಕ್ಕೆ ನೋಡಿದರೆ ಐದು ಮನೆಯವರು ಐದು ದಿನ ದುಡಿದರು. ಒಬ್ಬೊಬ್ಬರೇ ಮಾಡಿದ್ದರೂ ಅಷ್ಟೇ ದಿನವಾಗುತ್ತಿತ್ತೆಂದು ಯಾರಾದರೂ ವಾದಿಸಬಹುದು. ಆದರೆ ಒಬ್ಬಳು ನಾದುವಾಗ ಒಬ್ಬಳು ಹೊಸೆದು, ಇನ್ನೊಬ್ಬಳು ಒಣಹಾಕಿದರೆ ಯಾರ ಕೈಯೂ ತೆರಪಾಗಿ ನಿಲ್ಲುವುದಿಲ್ಲ, ಬಿಸಿಲೂ ವ್ಯರ್ಥವಾಗುವುದಿಲ್ಲ. ಕಲಿಯದ ಹುಡುಗಿಯು ನೋಡಿ ಕಲಿಯುವಳು. ಬೀಸುವ ಕಲ್ಲಿನ ಹಾಡಿನ ಗುಟ್ಟೂ ಇದೇ. ಇಬ್ಬರು ಒಂದೇ ಗೂಟ ಹಿಡಿದು ತಿರುಗಿಸುವಾಗ ಎರಡು ಕೈಗಳ ಎಳೆತವು ಕೂಡಿಬರಬೇಕು. ಹಾಡಿನ ಲಯವು ಆ ಕೂಡಿಕೆಯನ್ನುಂಟುಮಾಡುತ್ತಿತ್ತು, ದಣಿವನ್ನೂ ಮರೆಸುತ್ತಿತ್ತು. ಓದುಬರಹ ಬಾರದ ಹೆಂಗಸರು ಬೆಳಗಿನ ಜಾವದಲ್ಲಿ ಹೀಗೆ ಕಟ್ಟಿ ಹಾಡಿದುದನ್ನೇ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಕೂಡಿಸಿ 1931ರಲ್ಲಿ “ಗರತಿಯ ಹಾಡು” ಎಂಬ ಪುಸ್ತಕವಾಗಿ ಪ್ರಕಟಿಸಿದರು. ಹಿಟ್ಟು ಬೀಸುವ ಹೊತ್ತಿನಲ್ಲಿಯೇ ಒಂದು ಸಾಹಿತ್ಯವೂ ಹುಟ್ಟಿತು.

ನಾಲ್ಕನೆಯದು ವಿಶ್ರಾಂತಿ. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಹೆಂಗಸರು ವಾರಕ್ಕೆ 60 ಗಂಟೆಗೂ ಮಿಕ್ಕಿ ದುಡಿಯುತ್ತಿದ್ದರು. 1915ರಲ್ಲಿ ಅವರ ಆರೋಗ್ಯವಿಚಾರಣೆಗೆ ನೇಮಿತವಾದ ಮಂಡಲಿಯು ಮೊದಲು ಬರೆದುದೇ ಭಾನುವಾರದ ದುಡಿಮೆಯ ವಿಷಯವಾಗಿ. ಆ ಮಂಡಲಿಗಾಗಿ ಹೆಚ್. ಎಂ. ವರ್ನನ್‌ರು ಲೆಕ್ಕವಿಟ್ಟು ನೋಡಲಾಗಿ, ಗಂಟೆಗಳನ್ನು ಇಳಿಸಿದಾಗ ತಯಾರಾದ ಮಾಲು ಕಡಿಮೆಯಾಗಲಿಲ್ಲ. ಕೆಲವು ಕೆಲಸಗಳಲ್ಲಿ ತುಸು ಹೆಚ್ಚಾಯಿತು. ಯುದ್ಧದ ಅವಸರದಲ್ಲಿಯೂ ಬಿಡುವು ನಷ್ಟವಲ್ಲವೆಂದು ತಿಳಿದ ಮೇಲೆ, ಪರೀಕ್ಷೆಯ ಅವಸರದಲ್ಲಿ ಮಕ್ಕಳ ನಿದ್ರೆಯನ್ನು ಕಸಿದುಕೊಳ್ಳುವುದು ಜಾಣತನವೇ ಎಂದು ಪಾಲಕರು ವಿಚಾರಿಸಬೇಕು.

ಇನ್ನು ಮುಖ್ಯವಾದ ಮಾತಿಗೆ ಬರುವೆನು. ಇಷ್ಟೆಲ್ಲ ಉಪಾಯಗಳಿಂದ ಉಳಿದ ಹೊತ್ತು ಯಾರಿಗೆ ಸಲ್ಲಬೇಕು? ಅಮೇರಿಕಾದ ಇತಿಹಾಸಕಾರರಾದ ರೂತ್ ಶ್ವಾರ್ಟ್ಸ್ ಕೋವನ್‌ರು 1983ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ, ಮನೆಗೆ ಹೊಸ ಹೊಸ ಯಂತ್ರಗಳು ಬಂದರೂ ತಾಯಂದಿರ ದುಡಿಮೆಯ ಹೊತ್ತು ಇಳಿಯಲಿಲ್ಲವೆಂದು ತೋರಿಸಿಕೊಟ್ಟರು. ಬಟ್ಟೆ ಒಗೆಯುವುದು ಸುಲಭವಾದೊಡನೆ ಹೆಚ್ಚು ಬಟ್ಟೆ ಒಗೆಯಬೇಕಾಯಿತು; ಗಂಡಸರೂ ಮಕ್ಕಳೂ ಮೊದಲು ಮಾಡುತ್ತಿದ್ದ ಕೆಲಸಗಳು ತಾಯಿಯ ಪಾಲಿಗೇ ಬಂದವು. ನಮ್ಮ ದೇಶದ ಸರಕಾರವು 2019ರಲ್ಲಿ ನಡೆಯಿಸಿದ ಸಮಯ ವಿನಿಯೋಗದ ಸಮೀಕ್ಷೆಯಂತೆ, ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕಳೆಯುತ್ತಿದ್ದರು. 2024ರ ಸಮೀಕ್ಷೆಯಲ್ಲಿ ಅದು ಹೆಂಗಸರಿಗೆ 289, ಗಂಡಸರಿಗೆ 88 ಎಂದಾಯಿತು. ಐದು ವರ್ಷಗಳಲ್ಲಿ ಹೆಂಗಸರಿಗೆ ಉಳಿದುದು 10 ನಿಮಿಷ; ಆದರೆ ಗಂಡಸರ ಪಾಲೂ 9 ನಿಮಿಷ ಇಳಿಯಿತು. ಇಬ್ಬರ ನಡುವಿನ ಅಂತರವು ಈಗಲೂ 3 ಗಂಟೆ 21 ನಿಮಿಷ. ಈ ಅಂತರವನ್ನು ಯಾವ ಕೈಚಳಕವೂ ತುಂಬಲಾರದು. ಮನೆಯವರೆಲ್ಲರೂ ಹಂಚಿಕೊಂಡು ಮಾಡುವುದರಿಂದ ಮಾತ್ರವೇ ಅದು ತುಂಬತಕ್ಕದ್ದು.

ಆದಕಾರಣ ಪಾಲಕರಲ್ಲಿ ನನ್ನ ವಿಜ್ಞಾಪನೆ ಏನೆಂದರೆ, ನಿಮ್ಮ ಮಗಳು ಜಾಣತನದಿಂದ ಅರ್ಧ ಗಂಟೆಯನ್ನು ಉಳಿಸಿದಳಾದರೆ ಆ ಅರ್ಧ ಗಂಟೆಗೆ ಇನ್ನೊಂದು ಕೆಲಸವನ್ನು ಹಚ್ಚಬೇಡಿರಿ. ಹಾಗೆ ಮಾಡಿದಲ್ಲಿ ಜಾಣತನಕ್ಕೆ ದಂಡ ಹಾಕಿದಂತಾಗುವುದು. ಅವಳು ಮುಂದೆ ಎಂದಿಗೂ ಸುಲಭದ ದಾರಿಯನ್ನು ಹುಡುಕಳು. ಆ ಹೊತ್ತು ಅವಳ ಓದಿಗೋ ಆಟಕ್ಕೋ ಸುಮ್ಮನೆ ಕುಳಿತು ಯೋಚಿಸುವುದಕ್ಕೋ ಇರಲಿ. ಅವಳ ಅಣ್ಣತಮ್ಮಂದಿರಿಗೂ ರೊಟ್ಟಿಯ ಹಂಚಿನ ಪರಿಚಯವಾಗಲಿ. ನಮ್ಮ ಹಳೆಯ ವಿದ್ಯಾರ್ಥಿನಿಯರಾದರೋ ತಾವು ದಿನವೂ ಮಾಡುವ ಕೆಲಸಗಳಲ್ಲಿ ಯಾವುದಾದರೊಂದನ್ನು ಆರಿಸಿಕೊಂಡು ಒಂದು ವಾರ ಪರೀಕ್ಷಿಸಿ ನೋಡಲಿ. ಕಂಡುಕೊಂಡ ಉಪಾಯವನ್ನು ಶಾಲೆಗೆ ಬಂದಾಗ ಈಗಿನ ಹುಡುಗಿಯರಿಗೆ ಹೇಳಲಿ. ಅವರು ಹೇಳುವುದನ್ನು ಕೇಳಲು ನಮ್ಮ ಗೃಹವಿಜ್ಞಾನದ ತರಗತಿಯ ಬಾಗಿಲು ಸದಾ ತೆರೆದಿರುವುದು.