ಪ್ರವೇಶದೊಂದಿಗೇ ಆಶ್ರಯದ ಚಿಂತನೆ: ಧಾರವಾಡಕ್ಕೆ ಓದಲು ತೆರಳುವ ಮಕ್ಕಳ ವಸತಿ ಕುರಿತು



ಪರೀಕ್ಷೆಗಳ ಫಲಿತಾಂಶ ಹೊರಬಿದ್ದ ಮೇಲೆ ನಮ್ಮ ಮಠದ ಕಾರ್ಯಾಲಯಕ್ಕೆ ಬರುವ ತಂದೆ ತಾಯಂದಿರ ಸಂಖ್ಯೆ ಹೆಚ್ಚುತ್ತದೆ. ಪೂಜ್ಯರ ದರ್ಶನ ಪಡೆದು, ಪ್ರಸಾದ ಸ್ವೀಕರಿಸಿ, ಹೊರಡುವ ಮುನ್ನ ಅವರು ಕೇಳುವ ಮಾತು ಬಹುಮಟ್ಟಿಗೆ ಒಂದೇ: "ಹುಡುಗನಿಗೆ ಧಾರವಾಡದಾಗ ಸೀಟು ಸಿಕ್ಕೈತ್ರೀ, ಇರಾಕ ಎಲ್ಲ್ಯರೆ ಒಂದ್ ಕಡೆ ಹೇಳ್ರಿ." ನಾವು ಯಾವುದಾದರೊಂದು ಪ್ರಸಾದ ನಿಲಯದ ಹೆಸರಿಗೆ ಪತ್ರ ಬರೆದು ಕೊಡುತ್ತೇವೆ. ಅವರು ಸಮಾಧಾನದಿಂದ ಹಿಂದಿರುಗುತ್ತಾರೆ.

ಪತ್ರದಿಂದಲೇ ಕೆಲಸ ಮುಗಿಯುವುದಿಲ್ಲ ಎಂಬುದನ್ನು ಒಂದು ಪ್ರಸಂಗ ನಮಗೆ ಕಲಿಸಿತು. ಮಠದ ಭಕ್ತ ಕುಟುಂಬವೊಂದರ ಮಗಳಿಗೆ ವಿಜ್ಞಾನ ವಿಷಯದಲ್ಲಿ ಸ್ನಾತಕೋತ್ತರ ಪ್ರವೇಶ ದೊರೆತಿತ್ತು. ವಿದ್ಯಾರ್ಥಿನಿ ನಿಲಯಕ್ಕೆ ಅರ್ಜಿ ಸಲ್ಲಿಸುವ ದಿನ ಕಳೆದುಹೋದ ಮೇಲೆ ಆಕೆಯ ತಂದೆ ನಮ್ಮಲ್ಲಿಗೆ ಬಂದರು. ನಾವು ಕೊಟ್ಟ ಪತ್ರವನ್ನು ಹಿಡಿದು ಅವರು ಮೂರು ಕಡೆ ತಿರುಗಿದರು, ಎಲ್ಲಿಯೂ ಸ್ಥಳವಿರಲಿಲ್ಲ. ಮಗಳು ಕೆಲವು ವಾರ ಹುಬ್ಬಳ್ಳಿಯ ಬಂಧುಗಳ ಮನೆಯಿಂದ ಓಡಾಡಿದಳು. ಅನಂತರ ಅವಸರದಲ್ಲಿ ಹಿಡಿದ ಕೋಣೆಯೊಂದರಲ್ಲಿ ನೀರಿನ ತೊಂದರೆ, ಬಾಗಿಲಿನ ಭದ್ರತೆಯ ಚಿಂತೆ. ಎರಡನೆಯ ತಿಂಗಳಲ್ಲಿ ತಂದೆ ಆಕೆಯನ್ನು ಊರಿಗೆ ಕರೆದೊಯ್ದರು. ಅಂಕಗಳಿದ್ದವು, ಶುಲ್ಕವನ್ನೂ ಕಟ್ಟಿದ್ದರು. ಇಲ್ಲದಿದ್ದುದು ರಾತ್ರಿ ನಿಶ್ಚಿಂತೆಯಿಂದ ಮಲಗುವ ಒಂದು ಸ್ಥಳ ಮಾತ್ರ.

ಆದುದರಿಂದ ನಾವು ಹೇಳಬಯಸುವುದು ಇಷ್ಟೇ: ವಸತಿಯ ಹುಡುಕಾಟವು ಪ್ರವೇಶ ದೊರೆತ ಮೇಲೆ ಆರಂಭಿಸುವ ಕೆಲಸವಲ್ಲ. ಪ್ರವೇಶದ ಅರ್ಜಿ ತುಂಬಿದ ದಿನವೇ ಅದೂ ಆರಂಭವಾಗಬೇಕು.

ಆಶ್ರಯದ ಪರಂಪರೆ

ಅನ್ನ, ಅಕ್ಷರ, ಆಶ್ರಯ ಎಂಬ ಮೂರನ್ನು ನಮ್ಮ ಮಠಗಳು ಬೇರೆ ಬೇರೆಯಾಗಿ ಕಂಡಿಲ್ಲ. ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಸಮೀಪ 1903ರಲ್ಲಿ ಛತ್ರವನ್ನು ಸ್ಥಾಪಿಸಿದರು. ದೂರದ ಊರಿನಿಂದ ಬಂದವರಿಗೆ ತಂಗಲು ನೆಲೆಯಾದ ಆ ಧರ್ಮಸಂಸ್ಥೆಯ ವಿದ್ಯಾರ್ಥಿ ನಿಲಯದಲ್ಲಿದ್ದು ಓದಿದವರು ಅನೇಕರು. ತುಮಕೂರಿನ ಸಿದ್ಧಗಂಗೆಯಲ್ಲಿ ಶ್ರೀ ಶಿವಕುಮಾರ ಸ್ವಾಮಿಗಳವರು ಜಾತಿಮತಗಳ ಭೇದವಿಲ್ಲದೆ ಸಹಸ್ರಾರು ಮಕ್ಕಳನ್ನು ಇರಿಸಿಕೊಂಡು ಓದಿಸಿದರು. ಧಾರವಾಡದ ಮುರುಘಾಮಠದಲ್ಲಿ ಶ್ರೀ ಮೃತ್ಯುಂಜಯ ಅಪ್ಪಗಳವರು ನಡೆಸಿದ ಉಚಿತ ಪ್ರಸಾದ ನಿಲಯವು ಉತ್ತರ ಕರ್ನಾಟಕದ ಬಡ ಹಳ್ಳಿಗಳ ಮಕ್ಕಳಿಗೆ ವಿದ್ಯೆಯ ಬಾಗಿಲನ್ನು ತೆರೆಯಿತು.

ಆ ಕಾಲದಲ್ಲಿ ಧಾರವಾಡಕ್ಕೆ ಓದಲು ಬರುತ್ತಿದ್ದವರು ಕೆಲವರು. 1949ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಗೊಂಡ ಕರ್ನಾಟಕ ವಿಶ್ವವಿದ್ಯಾಲಯವು ಮರುವರ್ಷ ಧಾರವಾಡಕ್ಕೆ ಬಂದಿತು. 1986ರಲ್ಲಿ ಕೃಷಿ ವಿಶ್ವವಿದ್ಯಾಲಯವೂ ಅದರ ಜೊತೆಗೂಡಿತು. ಇಂದು ಪದವಿ ಕಾಲೇಜುಗಳ ವಿದ್ಯಾರ್ಥಿಗಳಲ್ಲದೆ, ಸ್ಪರ್ಧಾತ್ಮಕ ಪರೀಕ್ಷೆಗಳ ತಯಾರಿಗೆಂದು ರಾಜ್ಯದ ಹಲವು ಜಿಲ್ಲೆಗಳಿಂದ ಬಂದವರೂ ಇಲ್ಲಿ ನೆಲೆಸಿದ್ದಾರೆ. ಮಠಗಳ ನಿಲಯಗಳು ಇಷ್ಟು ಜನರನ್ನು ತುಂಬಿಕೊಳ್ಳಲಾರವು. ಪತ್ರ ಕೊಟ್ಟ ಮಾತ್ರಕ್ಕೆ ಇಲ್ಲದ ಹಾಸಿಗೆ ಹುಟ್ಟುವುದಿಲ್ಲ. ಇದನ್ನು ಮುಚ್ಚಿಡದೆ ಹೇಳುವುದು ನಮ್ಮ ಕರ್ತವ್ಯ.

ತಟ್ಟಬೇಕಾದ ನಾಲ್ಕು ಬಾಗಿಲುಗಳು

ಮೊದಲನೆಯದು, ಪ್ರವೇಶ ಪಡೆಯುವ ಸಂಸ್ಥೆಯದೇ ವಿದ್ಯಾರ್ಥಿ ನಿಲಯ. ಪ್ರವೇಶಕ್ಕೆ ಹೋದ ದಿನವೇ ನಿಲಯದ ಅರ್ಜಿ ಎಲ್ಲಿ ದೊರೆಯುತ್ತದೆ, ಕೊನೆಯ ದಿನಾಂಕ ಯಾವುದು, ಕೋಣೆಯ ಶುಲ್ಕ ಮತ್ತು ಊಟದ ಶುಲ್ಕ ಬೇರೆ ಬೇರೆಯೇ ಎಂಬುದನ್ನು ಕೇಳಿ ಬರೆದುಕೊಳ್ಳಬೇಕು. ಮೊದಲ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಕೈಬಿಡಬಾರದು. ಬೇರೆಡೆ ಸೀಟು ದೊರೆತವರು ಬಿಟ್ಟುಹೋದ ಸ್ಥಳಗಳು ಅನಂತರ ತೆರವಾಗುವುದುಂಟು.

ಎರಡನೆಯದು ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿ ನಿಲಯಗಳು. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ, ಸಮಾಜ ಕಲ್ಯಾಣ ಇಲಾಖೆ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳು ಇವುಗಳನ್ನು ನಡೆಸುತ್ತವೆ. ಅರ್ಜಿಯನ್ನು ಆನ್‌ಲೈನ್ ಮೂಲಕ ಸಲ್ಲಿಸಬೇಕು. ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಆರ್.ಡಿ. ಸಂಖ್ಯೆ, ಆಧಾರ್, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಇವು ಸಿದ್ಧವಿರಬೇಕು. ಅವಧಿ ಮುಗಿದ ಆದಾಯ ಪ್ರಮಾಣಪತ್ರವನ್ನು ಹಿಡಿದು ಕೊನೆಯ ದಿನ ಪರದಾಡುವವರನ್ನು ನಾವು ಪ್ರತಿವರ್ಷ ಕಾಣುತ್ತೇವೆ. ಫಲಿತಾಂಶಕ್ಕೆ ಮೊದಲೇ ಅದನ್ನು ಹೊಸದಾಗಿ ಮಾಡಿಸಿಟ್ಟುಕೊಳ್ಳುವುದು ಲೇಸು.

ಸರ್ಕಾರಿ ನಿಲಯದಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಾಗಿ 'ವಿದ್ಯಾಸಿರಿ' ಎಂಬ ಯೋಜನೆಯಿದೆ. 2013–14ರಲ್ಲಿ ಆರಂಭವಾದಾಗ ಊಟ ಮತ್ತು ವಸತಿಯ ಸಹಾಯಕ್ಕೆಂದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ಏರ್ಪಾಡು ಇದರಲ್ಲಿತ್ತು. ಪ್ರವರ್ಗ 3ಬಿಗೆ ಸೇರಿದ ನಮ್ಮ ಮಕ್ಕಳೂ ಆದಾಯ ಮಿತಿಯೊಳಗಿದ್ದರೆ ಅರ್ಹರು. ಮೊತ್ತವನ್ನೂ ಮಿತಿಯನ್ನೂ ಆಯಾ ವರ್ಷದ ಆದೇಶ ನೋಡಿ ಖಚಿತಪಡಿಸಿಕೊಳ್ಳಬೇಕು. ಈ ಯೋಜನೆಯ ಅರಿವೇ ಇಲ್ಲದೆ ಸಹಾಯದಿಂದ ವಂಚಿತರಾದವರು ನಮ್ಮಲ್ಲಿಯೇ ಇದ್ದಾರೆ.

ಮೂರನೆಯದು ಮಠಗಳ ಮತ್ತು ಸಮಾಜದ ಪ್ರಸಾದ ನಿಲಯಗಳು. ಇಲ್ಲಿ ಬೆಳಗಿನ ಪ್ರಾರ್ಥನೆ, ಸಂಜೆಯ ಹಾಜರಿ, ಪ್ರಸಾದದ ವೇಳೆ ಮುಂತಾದ ನಿಯಮಗಳಿರುತ್ತವೆ. ಮಗನನ್ನೋ ಮಗಳನ್ನೋ ಕೂರಿಸಿಕೊಂಡು ಈ ನಿಯಮಗಳನ್ನು ಮೊದಲೇ ತಿಳಿಸಬೇಕು. ಒಪ್ಪದ ಮನಸ್ಸಿನಿಂದ ಸೇರಿ ಮಧ್ಯದಲ್ಲಿ ಬಿಟ್ಟುಹೋದರೆ, ಅರ್ಹನಾದ ಇನ್ನೊಬ್ಬನ ಸ್ಥಳ ವ್ಯರ್ಥವಾಗುತ್ತದೆ.

ನಾಲ್ಕನೆಯದು ಬಾಡಿಗೆ ಕೋಣೆ ಅಥವಾ ಪಿ.ಜಿ. ಬಹುಜನರು ಅಂತಿಮವಾಗಿ ಬಂದು ನಿಲ್ಲುವುದು ಇಲ್ಲಿಯೇ.

ಎಲ್ಲಿ ಹುಡುಕಬೇಕು, ಹೇಗೆ ಲೆಕ್ಕ ಹಾಕಬೇಕು

ಕರ್ನಾಟಕ ವಿಶ್ವವಿದ್ಯಾಲಯದ ಆವರಣವು ಪಾವಟೆ ನಗರದ ಗುಡ್ಡದ ಮೇಲಿದೆ. ಅದಕ್ಕೆ ಸಮೀಪದಲ್ಲಿ ಶ್ರೀನಗರ, ಭಾರತಿ ನಗರಗಳಿವೆ. ಕೆಳಗೆ ಸಪ್ತಾಪುರ, ಜಯನಗರ, ಕಲ್ಯಾಣ ನಗರಗಳಿವೆ. ಸಪ್ತಾಪುರದ ಸುತ್ತ ತರಬೇತಿ ಕೇಂದ್ರಗಳು ಹೆಚ್ಚಿರುವುದರಿಂದ ಅಲ್ಲಿನ ಕೋಣೆಗಳಿಗೆ ವರ್ಷವಿಡೀ ಬೇಡಿಕೆ ಇರುತ್ತದೆ. ತರಗತಿ ಆರಂಭವಾಗುವ ವಾರದಲ್ಲಿ ಹೋದವರಿಗೆ ಉಳಿದವರು ಬೇಡವೆಂದು ಬಿಟ್ಟ ಕೋಣೆಗಳೇ ದೊರೆಯುವ ಸಂಭವ ಹೆಚ್ಚು.

ಬಾಡಿಗೆಯೊಂದನ್ನೇ ನೋಡಿ ನಿರ್ಧರಿಸಬಾರದು. ಉದಾಹರಣೆಗೆ, ಆವರಣದ ಹತ್ತಿರದ ಕೋಣೆಗೆ 3,000 ರೂಪಾಯಿ, ದೂರದ ಕೋಣೆಗೆ 2,200 ರೂಪಾಯಿ ಎಂದು ಭಾವಿಸೋಣ. 800 ರೂಪಾಯಿ ಉಳಿಯಿತೆಂದು ತೋರುತ್ತದೆ. ಆದರೆ ಹೋಗಿಬರಲು ದಿನಕ್ಕೆ 40 ರೂಪಾಯಿ ತಗುಲಿದರೆ, 24 ದಿನಗಳಿಗೆ 960 ರೂಪಾಯಿ ಆಯಿತು. ಉಳಿತಾಯ ಕರಗಿತು, ಸಮಯವೂ ಹೋಯಿತು. ಹೆಣ್ಣುಮಕ್ಕಳಿಗೆ ಈ ಲೆಕ್ಕ ಬದಲಾಗುತ್ತದೆ. 2023ರ ಜೂನ್‌ನಲ್ಲಿ ಆರಂಭವಾದ 'ಶಕ್ತಿ' ಯೋಜನೆಯಡಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಅವರ ಪ್ರಯಾಣ ಉಚಿತವಾಗಿರುವುದರಿಂದ, ಬಸ್ ನಿಲ್ದಾಣದ ಪಕ್ಕದಲ್ಲಿರುವ ಸುರಕ್ಷಿತ ಕೋಣೆ ತುಸು ದೂರದಲ್ಲಿದ್ದರೂ ಅನುಕೂಲವಾಗಬಹುದು. ಗಂಡುಮಕ್ಕಳು ವಿದ್ಯಾರ್ಥಿ ಪಾಸು ಮಾಡಿಸಿಕೊಂಡರೆ ಅವರ ಲೆಕ್ಕವೂ ಹಗುರಾಗುತ್ತದೆ.

ಊಟದ ವಿಚಾರವೂ ಇದರೊಂದಿಗೆ ಸೇರಿದೆ. ಧಾರವಾಡದ ಖಾನಾವಳಿಗಳಲ್ಲಿ ತಿಂಗಳ ಊಟದ ಪದ್ಧತಿಯಿದೆ. ಊರಿಗೆ ಹೋದ ದಿನಗಳ ಹಣ ಕಡಿತವಾಗುತ್ತದೆಯೇ, ಭಾನುವಾರ ರಾತ್ರಿ ಊಟವಿದೆಯೇ ಎಂದು ಮೊದಲೇ ಕೇಳಬೇಕು. ತಿಂಗಳ ಹಣ ಕಟ್ಟುವ ಮುನ್ನ ಎರಡು ದಿನ ಬಿಡಿಯಾಗಿ ಊಟ ಮಾಡಿ ನೋಡುವುದು ಜಾಣತನ.

ಕೋಣೆಯನ್ನು ನೋಡುವಾಗ

ಕೋಣೆಯನ್ನು ಕಣ್ಣಾರೆ ಕಾಣದೆ, ಮೊಬೈಲಿನಲ್ಲಿ ಬಂದ ಚಿತ್ರ ನಂಬಿ ಮುಂಗಡ ಕಳಿಸಬಾರದು. ಒಮ್ಮೆ ಹಗಲಿನಲ್ಲಿ, ಒಮ್ಮೆ ಕತ್ತಲಾದ ಮೇಲೆ ಆ ಬೀದಿಯಲ್ಲಿ ನಡೆದು ನೋಡಬೇಕು. ನಲ್ಲಿಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಸಂಗ್ರಹಕ್ಕೆ ತೊಟ್ಟಿ ಇದೆಯೇ ಎಂದು ಮಾಲೀಕರನ್ನಷ್ಟೇ ಅಲ್ಲ, ಅಲ್ಲಿ ಈಗಾಗಲೇ ಇರುವ ವಿದ್ಯಾರ್ಥಿಗಳನ್ನೂ ಕೇಳಬೇಕು. ಧಾರವಾಡದ ಮಳೆಗಾಲದ ಜಿಟಿಜಿಟಿ ಬಲ್ಲವರು ಗೋಡೆಯ ತೇವವನ್ನು ಮುಟ್ಟಿ ನೋಡದೆ ಕೋಣೆ ಹಿಡಿಯುವುದಿಲ್ಲ. ವಿದ್ಯುತ್ ಮೀಟರು ಪ್ರತ್ಯೇಕವೇ ಅಥವಾ ಎಲ್ಲರಿಗೂ ಒಂದೆಯೇ, ಬಾಗಿಲಿಗೆ ಒಳಚಿಲಕ ಗಟ್ಟಿಯಾಗಿದೆಯೇ, ಓದಲು ಬೆಳಕಿದೆಯೇ ಎಂಬುದನ್ನೂ ಗಮನಿಸಬೇಕು.

ಕರಾರು ಮತ್ತು ಮುಂಗಡ

ಬಾಯಿಮಾತಿನ ಒಪ್ಪಂದದಿಂದಲೇ ಹೆಚ್ಚಿನ ಮನಸ್ತಾಪಗಳು ಹುಟ್ಟುತ್ತವೆ. ಬಾಡಿಗೆ ಎಷ್ಟು, ಮುಂಗಡ ಎಷ್ಟು, ಬಿಡುವಾಗ ಅದರಲ್ಲಿ ಏನೇನು ಕಡಿತ, ಎಷ್ಟು ದಿನ ಮೊದಲು ತಿಳಿಸಬೇಕು, ರಜೆಯ ತಿಂಗಳುಗಳಿಗೆ ಬಾಡಿಗೆ ಇದೆಯೇ ಎಂಬ ಐದು ಸಂಗತಿಗಳು ಬರಹದಲ್ಲಿರಲಿ. ಕರಾರುಗಳನ್ನು ಸಾಮಾನ್ಯವಾಗಿ 11 ತಿಂಗಳಿಗೆ ಮಾಡುವುದೇಕೆಂದು ಅನೇಕರು ಕೇಳುತ್ತಾರೆ. ಒಂದು ವರ್ಷವನ್ನು ಮೀರಿದ ಗುತ್ತಿಗೆ ಪತ್ರಕ್ಕೆ 1908ರ ನೋಂದಣಿ ಕಾಯಿದೆಯಂತೆ ನೋಂದಣಿ ಕಡ್ಡಾಯವಾಗಿರುವುದೇ ಅದಕ್ಕೆ ಕಾರಣ. ಹದಿನೆಂಟು ತುಂಬದ ವಿದ್ಯಾರ್ಥಿ ಮಾಡಿಕೊಂಡ ಒಪ್ಪಂದಕ್ಕೆ ಕಾನೂನಿನ ಬಲವಿಲ್ಲ. ಆದುದರಿಂದ ಪದವಿಯ ಮೊದಲ ವರ್ಷದ ಮಕ್ಕಳ ಪರವಾಗಿ ತಂದೆ ಅಥವಾ ತಾಯಿಯೇ ಸಹಿ ಮಾಡಬೇಕು. ಮುಂಗಡವನ್ನು ಬ್ಯಾಂಕ್ ಮೂಲಕ ಕೊಡಬೇಕು, ನಗದು ಕೊಟ್ಟರೆ ರಸೀದಿ ಪಡೆಯಬೇಕು. ಸೇರುವ ದಿನ ಕೋಣೆಯ ಸ್ಥಿತಿಯ ಚಿತ್ರಗಳನ್ನು ತೆಗೆದಿಟ್ಟುಕೊಂಡರೆ ಬಿಡುವ ದಿನ ವಾದಕ್ಕೆ ಎಡೆಯಿರದು.

ರ‍್ಯಾಗಿಂಗ್ ತೊಂದರೆ ಎದುರಾದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಸಹಾಯವಾಣಿ 1800-180-5522 ಇದೆ. ಮಹಿಳಾ ಸಹಾಯವಾಣಿ 181, ತುರ್ತು ಕರೆಗೆ 112. ಮೂರನ್ನೂ ಮಕ್ಕಳ ಮೊಬೈಲಿನಲ್ಲಿ ಉಳಿಸಿಕೊಡಿ.

ಹೆಣ್ಣುಮಕ್ಕಳ ತಂದೆ ತಾಯಂದಿರಲ್ಲಿ, ಮನೆಯುಳ್ಳ ಭಕ್ತರಲ್ಲಿ

ಮಗನಿಗೆ ವಸತಿ ಸರಿಹೋಗದಿದ್ದರೆ ಬೇರೆ ಕೋಣೆ ಹುಡುಕುತ್ತೇವೆ. ಮಗಳಿಗೆ ಸರಿಹೋಗದಿದ್ದರೆ ಓದನ್ನೇ ನಿಲ್ಲಿಸುತ್ತೇವೆ. ಈ ವ್ಯತ್ಯಾಸವನ್ನು ನಾವೆಲ್ಲರೂ ಆತ್ಮಸಾಕ್ಷಿಯಿಂದ ನೋಡಿಕೊಳ್ಳಬೇಕು. ಅಕ್ಕಮಹಾದೇವಿಯನ್ನು ಅನುಭವ ಮಂಟಪಕ್ಕೆ ಬರಮಾಡಿಕೊಂಡ ಪರಂಪರೆಯವರು ನಾವು. ಕೋಣೆಯ ಕೊರತೆಗೆ ಕೋಣೆಯೇ ಪರಿಹಾರವಾಗಬೇಕು. ಮಗಳ ವಿದ್ಯೆಯನ್ನು ಅದಕ್ಕೆ ಬಲಿಕೊಡಬಾರದು.

ಧಾರವಾಡದಲ್ಲಿ ಸ್ವಂತ ಮನೆಯಿರುವ ಭಕ್ತರಲ್ಲಿಯೂ ಒಂದು ವಿನಂತಿ. ಬಾಡಿಗೆಗೆ ಬಂದ ಹುಡುಗನ ಜಾತಿಯನ್ನು ಮೊದಲು ಕೇಳಿ ಬಾಗಿಲು ಮುಚ್ಚುವ ಪದ್ಧತಿ ನಮ್ಮವರ ಮನೆಗಳಲ್ಲಿಯೂ ಉಂಟೆಂದು ಕೇಳಿ ನಾವು ನೊಂದಿದ್ದೇವೆ. ಬಂದವನನ್ನು ನಮ್ಮವನೆಂದು ಕಾಣಲು ಕಲಿಸಿದ ಬಸವಣ್ಣನವರ ಭಾವಚಿತ್ರವನ್ನು ಪಡಸಾಲೆಯಲ್ಲಿ ತೂಗುಹಾಕಿ, ಹೊಸ್ತಿಲಲ್ಲಿ ಜಾತಿ ಕೇಳುವುದು ಹೊಂದುವ ಮಾತಲ್ಲ. ನ್ಯಾಯವಾದ ಬಾಡಿಗೆ ಪಡೆಯುವುದು ಕಾಯಕ. ಓದುವ ಮಗುವಿಗೆ ನೆಮ್ಮದಿಯ ಮೂಲೆಯೊಂದನ್ನು ಕೊಡುವುದು ದಾಸೋಹ. ಎರಡೂ ಒಂದೇ ಮನೆಯಲ್ಲಿ ನಡೆಯಬಹುದು.

ಇನ್ನು ಮುಂದೆ ನಮ್ಮ ಕಾರ್ಯಾಲಯವು ಪತ್ರವನ್ನಷ್ಟೇ ಬರೆದು ಸುಮ್ಮನಾಗುವುದಿಲ್ಲ. ಫಲಿತಾಂಶಕ್ಕೆ ಮೊದಲೇ ಮಕ್ಕಳ ಪ್ರಮಾಣಪತ್ರಗಳೊಂದಿಗೆ ಬನ್ನಿ. ಸರ್ಕಾರಿ ನಿಲಯದ ಅರ್ಜಿ ತುಂಬಲು ನೆರವಾಗುತ್ತೇವೆ. ಕೋಣೆ ಕೊಡಬಯಸುವ ಭಕ್ತರು ತಮ್ಮ ಹೆಸರನ್ನು ಕಾರ್ಯಾಲಯದಲ್ಲಿ ಬರೆಸಿದರೆ ಅಗತ್ಯವಿದ್ದವರಿಗೆ ತಿಳಿಸುತ್ತೇವೆ. ಊರಿಗೆ ಹಿಂದಿರುಗಿದ ಆ ವಿದ್ಯಾರ್ಥಿನಿಯ ತಂದೆಗೂ ಈ ಮಾತನ್ನು ಹೇಳಿ ಕಳುಹಿಸಿದ್ದೇವೆ. ಆಕೆ ಮತ್ತೆ ಅರ್ಜಿ ಹಾಕಲಿ, ಈ ಬಾರಿ ಆಶ್ರಯದ ಚಿಂತೆಯಲ್ಲಿ ನಾವೂ ಪಾಲುಗಾರರು.



ಕಾರ್ಯದರ್ಶಿಗಳು, ಶ್ರೀಮಠ